ಮನೆಯಲ್ಲಿ ಅರಳು ಹುರಿದಂತೆ ಮಾತು, ಶಾಲೆಯಲ್ಲಿ ತುಟಿ ಬಿಚ್ಚದ ಮಗಳು

ಹಾಸನದ ಅಮ್ಮ:

ನಮ್ಮ ಮಗಳಿಗೆ ಏಳು ವರ್ಷ, ಎರಡನೇ ತರಗತಿ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಾಳೆ. ಸಂಜೆಯಾದರೆ ಗೊಂಬೆಗಳನ್ನೆಲ್ಲ ಗೋಡೆಗೆ ಸಾಲಾಗಿ ಒರಗಿಸಿ, ಅಜ್ಜಿಯ ಊರುಗೋಲು ಹಿಡಿದು ಪಾಠ ಮಾಡುತ್ತಾಳೆ. ಟೀಚರ್ ಕೆಮ್ಮುವ ಬಗೆ, ಹಾಜರಿ ಕರೆಯುವ ರಾಗ ಎಲ್ಲವೂ ತದ್ರೂಪು. ಒಂದು ಗೊಂಬೆ ಮಾತ್ರ ಹೆಸರು ಕರೆದಾಗ ಉತ್ತರ ಕೊಡುವುದಿಲ್ಲ. ಅದಕ್ಕೆ ಅವಳು ಬೈಯುವುದೂ ಇಲ್ಲ. ಸ್ವಲ್ಪ ಹೊತ್ತು ನೋಡಿ, ಮುಂದಿನ ಹೆಸರಿಗೆ ಹೋಗುತ್ತಾಳೆ.

ಶಾಲೆಯಲ್ಲಿ ಜೂನ್‌ನಿಂದ ಈವರೆಗೆ ಅವಳ ದನಿಯನ್ನು ಯಾರೂ ಕೇಳಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಸ್ಕರ್ಟ್ ಒದ್ದೆ ಮಾಡಿಕೊಂಡು ಬಂದಳು. ಬಾತ್‌ರೂಮಿಗೆ ಹೋಗುತ್ತೇನೆ ಎಂದು ಕೇಳಲು ಆಗಲಿಲ್ಲವಂತೆ. ಪೋಷಕರ ಸಭೆಯಲ್ಲಿ ಕೇಳಿದರೆ, "ನಿಮ್ಮ ಮಗಳಿಂದ ಏನೂ ತೊಂದರೆ ಇಲ್ಲ, ಬಹಳ ಶಾಂತ ಸ್ವಭಾವ" ಎಂಬ ಉತ್ತರ ಬಂತು. ಅವರು ಹೊಗಳಿದ್ದೇ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು.

ಕಳೆದ ವಾರ ಹುಟ್ಟುಹಬ್ಬ. ತರಗತಿಯಲ್ಲಿ ಹಂಚಲು 45 ಚಾಕಲೇಟ್ ಕೊಟ್ಟು ಕಳಿಸಿದ್ದೆ. ಸಂಜೆ ಡಬ್ಬಿ ತೆರೆದು ಎಣಿಸಿದರೆ 43 ಹಾಗೆಯೇ ಇದ್ದವು. "ಯಾಕಮ್ಮಾ ಹಂಚಲಿಲ್ಲ?" ಎಂದು ಕೇಳಿದ್ದಕ್ಕೆ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದಳು.

ನಮ್ಮ ಅತ್ತೆ ದಿನಾ ಬೆಳಿಗ್ಗೆ ಬಜೆ ತೇಯ್ದು ನೆಕ್ಕಿಸುತ್ತಾರೆ. ಮುಖೇಡಿತನ ಬಿಡಿಸಬೇಕೆಂದರೆ ವಾರ್ಷಿಕೋತ್ಸವದಲ್ಲಿ ವೇದಿಕೆ ಹತ್ತಿಸು ಎನ್ನುತ್ತಾರೆ ಮೈದುನ. ಯಾರ ಮಾತು ಕೇಳಲಿ? ಇಂಥ ಮಕ್ಕಳ ಬಗ್ಗೆ ಸಂಶೋಧನೆ ಏನು ಹೇಳುತ್ತದೆ ಎಂದು ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಶಿರಾದ ಅಪ್ಪ:

ಮೇಡಂ, ಇಷ್ಟು ಚಿಂತೆ ಬೇಡ. ನಾನೂ ಐದನೇ ತರಗತಿಯವರೆಗೆ ಹೀಗೆಯೇ ಇದ್ದೆ ಎಂದು ನನ್ನ ತಾಯಿ ಹೇಳುತ್ತಾರೆ. ಈಗ ಮಾರುಕಟ್ಟೆಯಲ್ಲಿ ದಿನವಿಡೀ ಮಾತಿನ ವ್ಯಾಪಾರವೇ. ಗದ್ದಲ ಮಾಡದ ಮಗುವನ್ನು ಕಂಡು ಹೆದರುವ ಕಾಲ ಬಂತಲ್ಲ ಎಂದು ಬೇಸರವಾಗುತ್ತದೆ. ಎಲ್ಲ ಸ್ವಭಾವಕ್ಕೂ ಕಾಯಿಲೆಯ ಹೆಸರು ಇಡಬಾರದು.

ಆಪ್ತಸಮಾಲೋಚಕಿ, ಮೈಸೂರು:

ಅಕ್ಕಾ, ಹದಿನಾಲ್ಕು ವರ್ಷಗಳಿಂದ ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಮಗುವನ್ನು ನೋಡದೆ ರೋಗನಿರ್ಣಯ ಮಾಡಲಾರೆ. ತಿಳಿದಷ್ಟನ್ನು ಬರೆಯುತ್ತೇನೆ.

ಶಿರಾದವರ ಮಾತಿನಲ್ಲಿ ಅರ್ಧ ಸತ್ಯವಿದೆ, ಮೊದಲು ಅದನ್ನೇ ಹೇಳಬೇಕು. ಹಾರ್ವರ್ಡ್‌ನ ಜೆರೋಮ್ ಕಾಗನ್ ಈ ಸ್ವಭಾವವನ್ನು ದಶಕಗಳ ಕಾಲ ಬೆನ್ನುಹತ್ತಿದವರು. ನಾಲ್ಕು ತಿಂಗಳ ಕೂಸುಗಳ ಮುಂದೆ ಬಣ್ಣದ ಆಟಿಕೆ ತೂಗಿಸಿದರು, ಅಪರಿಚಿತ ದನಿಯನ್ನು ಕೇಳಿಸಿದರು, ಮದ್ಯಸಾರದಲ್ಲಿ ಅದ್ದಿದ ಹತ್ತಿಯನ್ನು ಮೂಗಿನ ಬಳಿ ಹಿಡಿದರು. ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಅಂಥ ಕೂಸುಗಳೇ ಮುಂದೆ ಹೊಸ ಜನ, ಹೊಸ ಜಾಗ ಕಂಡರೆ ಹಿಂಜರಿಯುವ ಮಕ್ಕಳಾಗುವುದು ಹೆಚ್ಚು. ಹಾಗಾಗಿ ಇದು ನಿಮ್ಮ ಸಾಕಣೆಯ ತಪ್ಪಲ್ಲ, ಅತ್ತೆಯ ಮುದ್ದಿನ ತಪ್ಪೂ ಅಲ್ಲ.

ಇನ್ನು ಉಳಿದರ್ಧ. 2012ರಲ್ಲಿ ಕ್ಲಾಸ್ ಮತ್ತು ಬ್ಲ್ಯಾಕ್‌ಫರ್ಡ್ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಚಿಕ್ಕಂದಿನಲ್ಲಿ ಬಹಳ ಹಿಂಜರಿಯುತ್ತಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 43 ಮಂದಿಗೆ ಮುಂದೆ ಸಾಮಾಜಿಕ ಆತಂಕ, ಅಂದರೆ ಜನರ ಮುಂದೆ ಕಾಡುವ ಅತಿಯಾದ ಭಯ, ಕಾಣಿಸಿಕೊಂಡಿತ್ತು. ಉಳಿದ ಮಕ್ಕಳಲ್ಲಿ ಅದು 12. ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಿರಾದವರ ಹಾಗೆ ದಾಟಿಹೋಗುತ್ತಾರೆ, ಸರಿ. ಆದರೆ ದಾಟದವರನ್ನು ಕಾಯುತ್ತಾ ಕುಳಿತರೆ ಅವರ ಶಾಲೆಯ ವರ್ಷಗಳೇ ಕಳೆದುಹೋಗುತ್ತವೆ. ಬಾತ್‌ರೂಮಿಗೆ ಹೋಗಲು ಕೇಳಲಾಗದೆ ಒದ್ದೆಯಾದ ಮಗು ಶಾಂತವಾಗಿ ಕುಳಿತಿಲ್ಲ, ಹೆದರಿ ಮರಗಟ್ಟಿ ಕುಳಿತಿದೆ.

ಮನೆಯಲ್ಲಿ ಧಾರಾಳವಾಗಿ ಮಾತನಾಡುವ ಮಗು ಶಾಲೆಯಂಥ ಕಡೆ ತಿಂಗಳಿಗೂ ಮೀರಿ ಮೌನವಾಗಿದ್ದರೆ ಅದನ್ನು ಸೆಲೆಕ್ಟಿವ್ ಮ್ಯೂಟಿಸಮ್ ಎಂದು ಪರಿಗಣಿಸುತ್ತಾರೆ. ಶಾಲೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಆತಂಕದ ಸಮಸ್ಯೆಗಳ ಸಾಲಿಗೆ ಸೇರಿಸಿತು. ಹಠ ಎಂದು ತಿಳಿದು ಗದರಿಸುವವರು ಇದನ್ನು ಗಮನಿಸಬೇಕು. ಅತ್ತೆಯವರ ಬಜೆಗೆ ನಾನು ಬೇಡ ಎನ್ನುವುದಿಲ್ಲ, ಅದರಲ್ಲಿ ಪ್ರೀತಿ ಇದೆ. ಆದರೆ ಕಟ್ಟಿರುವುದು ನಾಲಗೆಯಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ ಒಂದು ವಿಷಯ. 45ರಲ್ಲಿ 43 ವಾಪಸ್ ಬಂದವು. ಆ ಎರಡು ಚಾಕಲೇಟ್ ಯಾರಿಗೆ ಹೋದವು?

ಹಾಸನದ ಅಮ್ಮ:

ನಿಮ್ಮ ಪ್ರಶ್ನೆ ಓದಿ ಬೆಳಿಗ್ಗೆ ಜಡೆ ಹಾಕುವಾಗ ಸುಮ್ಮನೆ ಕೇಳಿದಂತೆ ಕೇಳಿದೆ. ಒಂದನ್ನು ಟೀಚರೇ ಡಬ್ಬಿಯಿಂದ ತೆಗೆದುಕೊಂಡರಂತೆ. ಇನ್ನೊಂದನ್ನು ಶಾಲೆಯ ವ್ಯಾನಿನಲ್ಲಿ ಪಕ್ಕ ಕೂರುವ ಯುಕೆಜಿ ಪುಟ್ಟಿಗೆ ಇವಳೇ ಕೊಟ್ಟಿದ್ದಾಳೆ. ಆ ಮಗು ವ್ಯಾನ್ ಹತ್ತುವಾಗ ಇವಳು ಕೈಹಿಡಿದು ಎಳೆದುಕೊಳ್ಳುತ್ತಾಳಂತೆ. ಚಾಲಕರನ್ನು ವಿಚಾರಿಸಿದೆ. "ಇಬ್ಬರೂ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾರೆ ಮೇಡಂ" ಎಂದರು. ಇಷ್ಟು ದಿನ ನನಗೆ ಇದು ಗೊತ್ತೇ ಇರಲಿಲ್ಲ!

ಆಪ್ತಸಮಾಲೋಚಕಿ, ಮೈಸೂರು:

ಅಕ್ಕಾ, ನಾನು ಹುಡುಕುತ್ತಿದ್ದದ್ದು ಇದನ್ನೇ.

1979ರಲ್ಲಿ ಫರ್ಮನ್, ರಾಹೆ, ಹಾರ್ಟಪ್ ಎಂಬ ಮೂವರು ಸಂಶೋಧಕರು, ಓರಗೆಯವರಿಂದ ದೂರ ಉಳಿದಿದ್ದ 24 ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಒಂದಷ್ಟು ಮಕ್ಕಳಿಗೆ ತಮಗಿಂತ ಒಂದು ವರ್ಷಕ್ಕೂ ಹೆಚ್ಚು ಚಿಕ್ಕ ಮಗುವನ್ನು ಜತೆಗೆ ಕೊಟ್ಟರು, ಒಂದಷ್ಟು ಮಕ್ಕಳಿಗೆ ಸಮವಯಸ್ಕರನ್ನು ಕೊಟ್ಟರು, ಉಳಿದವರನ್ನು ಹಾಗೆಯೇ ಬಿಟ್ಟರು. ನಾಲ್ಕಾರು ವಾರಗಳಲ್ಲಿ ಹತ್ತು ಸಲ, ಇಬ್ಬಿಬ್ಬರೇ ಆಡಿದರು. ದೊಡ್ಡವರ ಉಪದೇಶವಿಲ್ಲ, ತರಬೇತಿಯಿಲ್ಲ, ಬರೀ ಆಟ. ಆಮೇಲೆ ತರಗತಿಯಲ್ಲಿ ನೋಡಿದರೆ ಬೆರೆಯುವುದು ಹೆಚ್ಚಿತ್ತು. ಅದರಲ್ಲೂ ಚಿಕ್ಕವರೊಂದಿಗೆ ಆಡಿದವರಲ್ಲಿ ಬದಲಾವಣೆ ಎದ್ದು ಕಾಣುತ್ತಿತ್ತು.

ಸಣ್ಣ ಪ್ರಯೋಗ, ಹಳೆಯದು, ಒಪ್ಪುತ್ತೇನೆ. ಆದರೂ ಅದರ ತರ್ಕ ನನಗೆ ಬಹಳ ಇಷ್ಟ. ಸಮವಯಸ್ಕರ ಮುಂದೆ ಈ ಮಗು ಯಾವಾಗಲೂ ಹಿಂದೆ ಬೀಳುತ್ತದೆ. ಚಿಕ್ಕ ಮಗುವಿನ ಮುಂದೆ ತಾನೇ ಮುಂದಾಳು. ಆಟ ಶುರುಮಾಡುವುದು, "ಈಗ ನಿನ್ನ ಸರದಿ" ಎನ್ನುವುದು, ಜಗಳವಾದರೆ ರಾಜಿ ಮಾಡುವುದು, ಎಲ್ಲವೂ ಇದರ ಪಾಲಿಗೇ ಬರುತ್ತದೆ. ನಿಮ್ಮ ಮಗಳು ಯಾರೂ ಹೇಳಿಕೊಡದೆ ಅಂಥವಳನ್ನು ತಾನೇ ಆರಿಸಿಕೊಂಡಿದ್ದಾಳೆ.

ಇನ್ನೊಂದು ಸಮಾಧಾನ. 1982ರಲ್ಲಿ ಕೋಯಿ, ಡಾಡ್ಜ್, ಕಾಪೊಟೆಲ್ಲಿ ಎಂಬುವರು ತರಗತಿಯ ಮಕ್ಕಳನ್ನು ಮುಖ್ಯವಾಗಿ ಎರಡು ಪ್ರಶ್ನೆ ಕೇಳಿದರು: ನಿನಗೆ ಯಾರು ಬಹಳ ಇಷ್ಟ, ಯಾರು ಇಷ್ಟವಿಲ್ಲ? ಕೆಲವು ಮಕ್ಕಳ ಹೆಸರನ್ನು ಎರಡೂ ಪಟ್ಟಿಯಲ್ಲಿ ಹೆಚ್ಚುಕಡಿಮೆ ಯಾರೂ ಬರೆಯುವುದಿಲ್ಲ. ಅವರು ಯಾರಿಗೂ ಬೇಡವಾದವರಲ್ಲ, ಕಣ್ಣಿಗೆ ಬೀಳದವರು ಅಷ್ಟೆ. ಎಲ್ಲರೂ ದೂರ ತಳ್ಳಿದ ಮಗುವಿಗಿಂತ ಇವರ ಸ್ಥಿತಿ ಎಷ್ಟೋ ಮೇಲು, ಬದಲಾಗುವುದೂ ಬೇಗ. ನಿಮ್ಮ ಟೀಚರ್ ಆಡಿದ "ತೊಂದರೆ ಇಲ್ಲ" ಎಂಬ ಮಾತು ಅದನ್ನೇ ಸೂಚಿಸುತ್ತದೆ.

ನಿವೃತ್ತ ಮೇಷ್ಟರು, ಹೆಗ್ಗಡದೇವನಕೋಟೆ:

ತಾಯಿ, ಈ ಚರ್ಚೆ ಓದುತ್ತಿದ್ದಂತೆ ನನ್ನ ಹಳೆಯ ತರಗತಿ ಕಣ್ಣಮುಂದೆ ಬಂತು. ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ನಮ್ಮ ಕೋಟೆ ತಾಲ್ಲೂಕಿನಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ದುಂಡಗೆ ಕುಳಿತು ಕಲಿಯುತ್ತಿದ್ದರು. ಐದು ತಟ್ಟೆಗಳು, ಅಂದರೆ ಐದು ಗುಂಪುಗಳು. ಶಿಕ್ಷಕರ ಸಹಾಯದಿಂದ ಕಲಿಯುವವರು ಒಂದು ಕಡೆ, ಗೆಳೆಯರ ಸಹಾಯದಿಂದ ಕಲಿಯುವವರು ಇನ್ನೊಂದು ಕಡೆ, ತಾನೇ ಕಲಿಯುವವರು ಮತ್ತೊಂದು ಕಡೆ. ಪಾಠ ಒಪ್ಪಿಸಲು ಎಲ್ಲರ ಮುಂದೆ ಎದ್ದು ನಿಲ್ಲುವ ಪ್ರಮೇಯವೇ ಕಡಿಮೆ.

ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಮೊದಲ ವರ್ಷ ಪೂರ್ತಿ ನನ್ನ ಮುಂದೆ ಬಾಯಿ ತೆರೆಯಲಿಲ್ಲ. ನಾನು ದಡ್ಡಿ ಎಂದುಕೊಂಡಿದ್ದೆ, ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಮರುವರ್ಷ ಒಂದನೇ ತರಗತಿಗೆ ಹೊಸ ಮಕ್ಕಳು ಬಂದರು. ಒಂದು ಮಧ್ಯಾಹ್ನ ಬಿಸಿಯೂಟದ ತಟ್ಟೆ ತೊಳೆಯುವ ಕಡೆಯಿಂದ ಯಾರೋ "ರ ಗ ಸ ದ ಅ" ಎಂದು ಹೇಳಿಕೊಡುತ್ತಿದ್ದ ದನಿ ಕೇಳಿತು. ಇಣುಕಿದರೆ ಆ ಹುಡುಗಿ! ಪುಟ್ಟ ಹುಡುಗನ ಬೆರಳು ಹಿಡಿದು ಒದ್ದೆ ಕಟ್ಟೆಯ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ನಾನು ಒಳಗೆ ಹೋಗಿ ಶಹಬ್ಬಾಸ್ ಎಂದುಬಿಟ್ಟೆ. ಮತ್ತೆ ಹದಿನೈದು ದಿನ ಮೌನ. ಆಗ ಬುದ್ಧಿ ಬಂತು. ಆಮೇಲೆ ಅವಳ ಕಡೆ ನೋಡದೆ, ಬೆನ್ನು ತಿರುಗಿಸಿ ಬೋರ್ಡ್ ಒರೆಸುತ್ತಾ ಕೇಳಿಸಿಕೊಳ್ಳುವುದನ್ನು ಕಲಿತೆ.

ತರಗತಿಯ ಮುಂದೆ ಚಪ್ಪಾಳೆ ತಟ್ಟಿಸಬೇಡಿ ಎಂದು ಟೀಚರಿಗೆ ಹೇಳಿ ತಾಯಿ. ಅದೊಂದೇ ನನ್ನ ಮಾತು.

ಶಿರಾದ ಅಪ್ಪ:

ಮೇಷ್ಟರೇ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಆದರೂ ಒಂದು ಪ್ರಶ್ನೆ ಉಳಿದಿದೆ. ಇವೆಲ್ಲ ಅಮೆರಿಕದ ಮಕ್ಕಳ ಮೇಲೆ ಮಾಡಿದ ಸಂಶೋಧನೆಗಳು. ಅಲ್ಲಿ ಮಾತನಾಡದವರಿಗೆ ಬೆಲೆ ಇಲ್ಲ. ನಮ್ಮಲ್ಲಿ ಮಾತು ಬೆಳ್ಳಿ, ಮೌನ ಬಂಗಾರ. ಹಿರಿಯರ ಎದುರು ತಗ್ಗಿ ಬಗ್ಗಿ ಇರುವ ಮಗುವನ್ನು ನಾವು ಒಳ್ಳೆಯ ಮಗು ಎನ್ನುತ್ತೇವೆ. ಅಲ್ಲಿನ ಅಳತೆಗೋಲು ಇಲ್ಲಿಗೆ ಹೇಗೆ ಹೊಂದುತ್ತದೆ?

ಆಪ್ತಸಮಾಲೋಚಕಿ, ಮೈಸೂರು:

ಸರ್, ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಶಾಂಘೈನಿಂದ ಬಂದ ಒಂದು ಉತ್ತರವಿದೆ. ಷಿನ್‌ಯಿನ್ ಚೆನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಆ ನಗರದ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಮೂರು ಬಾರಿ, 1990, 1998 ಮತ್ತು 2002ರಲ್ಲಿ ಅಧ್ಯಯನ ಮಾಡಿದರು. 1990ರಲ್ಲಿ ಸಂಕೋಚದ ಮಕ್ಕಳನ್ನು ಓರಗೆಯವರು ಮೆಚ್ಚುತ್ತಿದ್ದರು, ನಾಯಕರನ್ನಾಗಿ ಒಪ್ಪುತ್ತಿದ್ದರು, ಓದಿನಲ್ಲೂ ಅವರು ಚೆನ್ನಾಗಿದ್ದರು. ನೀವು ಹೇಳುವ ಹಾಗೆಯೇ. 1998ರಲ್ಲಿ ಚಿತ್ರ ಮಿಶ್ರವಾಯಿತು. 2002ರ ಹೊತ್ತಿಗೆ ಅದೇ ನಗರದಲ್ಲಿ ಸಂಕೋಚದ ಮಕ್ಕಳನ್ನು ಜತೆಗಾರರು ದೂರವಿಡುತ್ತಿದ್ದರು, ಖಿನ್ನತೆಯೂ ಅವರಲ್ಲೇ ಹೆಚ್ಚು ಕಾಣುತ್ತಿತ್ತು. ಮಕ್ಕಳ ಸ್ವಭಾವ ಹನ್ನೆರಡು ವರ್ಷದಲ್ಲಿ ಬದಲಾಗುವುದಿಲ್ಲ. ಊರು ಬದಲಾಗಿತ್ತು. ಮಾರುಕಟ್ಟೆ ಬಂದಿತ್ತು, ಪೈಪೋಟಿ ಬಂದಿತ್ತು, ಮುನ್ನುಗ್ಗುವವರಿಗೆ ಬೆಲೆ ಬಂದಿತ್ತು.

ನಾವು ಬೆಳೆದ ಊರೂ ನಮ್ಮ ಮಕ್ಕಳ ಶಾಲೆಯೂ ಒಂದೇ ಅಲ್ಲ ಎಂಬುದು ನಿಮಗೂ ಗೊತ್ತು. ನಮ್ಮ ರಾಜ್ಯದ್ದೇ ಲೆಕ್ಕ ಬೇಕೆಂದರೆ, ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶದ 2,064 ಮಕ್ಕಳನ್ನು ನಿಮ್ಹಾನ್ಸ್‌ನ ವೈದ್ಯರು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. 4ರಿಂದ 16 ವರ್ಷದವರಲ್ಲಿ ನೂರಕ್ಕೆ 12 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅತಿ ಹೆಚ್ಚು ಕಂಡವುಗಳಲ್ಲಿ ನಿರ್ದಿಷ್ಟ ವಸ್ತು ಅಥವಾ ಸಂದರ್ಭಕ್ಕೆ ಹೆದರುವ ಆತಂಕವೂ ಒಂದು. ಇದು ಹೊರನಾಡಿನಿಂದ ತಂದುಹಾಕಿದ ಕಾಯಿಲೆಯಲ್ಲ.

ಬೆಂಗಳೂರಿನವನು, 34 ವರ್ಷ:

ನಾನು ಅಂಥ ಮಗುವಾಗಿದ್ದೆ. ಇದುವರೆಗೆ ಎಲ್ಲಿಯೂ ಬರೆದಿಲ್ಲ.

ನನ್ನ ಬಾಯಿ ನನ್ನ ಅಕ್ಕನಾಗಿದ್ದಳು. ನೆಂಟರು "ಏನೋ ಹೆಸರು?" ಎಂದು ಕೇಳಿದರೆ ಅಕ್ಕ ಹೇಳುತ್ತಿದ್ದಳು. ಅಂಗಡಿಯಲ್ಲಿ ಬೇಕಾದದ್ದನ್ನು ಅಕ್ಕ ಕೇಳುತ್ತಿದ್ದಳು. ಅವಳು ಉತ್ತರ ಕೊಟ್ಟ ಕ್ಷಣ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತಿತ್ತು. ಆ ನೆಮ್ಮದಿಯ ರುಚಿ ಇವತ್ತಿಗೂ ನೆನಪಿದೆ. ಮುಂದಿನ ಸಲ ಯಾರಾದರೂ ಕೇಳಿದಾಗ ಉತ್ತರ ಹುಡುಕುವ ಬದಲು ಅಕ್ಕನನ್ನು ಹುಡುಕುತ್ತಿದ್ದೆ. ಅವಳು ಮದುವೆಯಾಗಿ ಹೋದಾಗ ನನಗೆ ಹದಿನಾರು ವರ್ಷ. ಅನಂತರದ ಎರಡು ವರ್ಷ ಹೇಗೆ ಕಳೆದೆನೋ.

ನಡುವೆ ಒಮ್ಮೆ, ನನ್ನ ಸಂಕೋಚ ಬಿಡಿಸಲೆಂದೇ ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಿಲ್ಲಿಸಿದ್ದರು. ಮೈಕಿನ ಮುಂದೆ ನಿಂತೆ. ನನ್ನ ಉಸಿರಾಟ ಧ್ವನಿವರ್ಧಕದಲ್ಲಿ ಮೈದಾನಕ್ಕೆಲ್ಲ ಕೇಳಿಸುತ್ತಿತ್ತು. ಯಾರೋ ಬಂದು ಕೈಹಿಡಿದು ಇಳಿಸಿದರು. ಆ ಊರಿಗೆ ಹೋದರೆ ಈಗಲೂ ಆ ಮೈದಾನದ ದಾರಿ ಬಿಟ್ಟು ಬಳಸಿ ಹೋಗುತ್ತೇನೆ. ಅಮ್ಮ ಅವರೇ, ನಿಮ್ಮ ಮೈದುನರಿಗೆ ದಯವಿಟ್ಟು ಇದನ್ನು ಓದಿಸಿ.

ಆಪ್ತಸಮಾಲೋಚಕಿ, ಮೈಸೂರು:

ಬರೆದಿದ್ದಕ್ಕೆ ಧನ್ಯವಾದ. ಎದೆಯ ಮೇಲಿನ ಕಲ್ಲು ಇಳಿದಂತೆ ಎಂದಿರಲ್ಲ, ಆತಂಕ ಬೇರೂರುವುದು ಅಲ್ಲಿಯೇ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮತ್ತೆ ತಪ್ಪಿಸಿಕೊಳ್ಳುವುದನ್ನು ಕಲಿಸುತ್ತದೆ. ಅಕ್ಕನ ತಪ್ಪೇನೂ ಇಲ್ಲ. ಅವಳು ಮಾಡಿದ್ದನ್ನು ನಾವೆಲ್ಲ ಮಾಡುತ್ತೇವೆ.

ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಇದರ ಮೇಲೆಯೇ ಒಂದು ಚಿಕಿತ್ಸೆ ಕಟ್ಟಿದ್ದಾರೆ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆತಂಕವಿದ್ದ 124 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳು ಚಿಕಿತ್ಸಕರ ಬಳಿ ಹೋದರು. ಉಳಿದ ಮಕ್ಕಳು ಹೋಗಲೇ ಇಲ್ಲ, ತಂದೆತಾಯಿ ಮಾತ್ರ ಹೋದರು. ಮಗುವಿನ ಪರವಾಗಿ ತಾವು ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ, ಪ್ರೀತಿಯಿಂದ ಬಿಡುವುದನ್ನು ಕಲಿತರು. ಎರಡೂ ಗುಂಪಿನ ಮಕ್ಕಳಿಗೆ ಸರಿಸುಮಾರು ಒಂದೇ ಬಗೆಯ ಪ್ರಯೋಜನವಾಯಿತು.

ಹಾಸನದ ಅಕ್ಕಾ, ಯಾರಾದರೂ ಮಗಳನ್ನು ಏನಾದರೂ ಕೇಳಿದಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಐದು ಕ್ಷಣ ಒಂದು ಯುಗದಂತೆ ಅನಿಸುತ್ತದೆ, ತಡೆದುಕೊಳ್ಳಿ. ಆಮೇಲೆ "ಕೆಂಪು ಬೇಕೋ, ನೀಲಿ ಬೇಕೋ?" ಎಂಬಂತೆ ಕೇಳಿ. ತಲೆಯಾಡಿಸಿ ಮುಗಿಸಬಹುದಾದ ಪ್ರಶ್ನೆ ಬೇಡ. ಜತೆಗೆ ವ್ಯಾನಿನ ಪುಟ್ಟಿಯನ್ನು ಮನೆಗೆ ಕರೆಯಿರಿ. ಮೊದಲು ಮನೆಯಲ್ಲಿ ಆಟ, ಆಮೇಲೆ ಶಾಲೆಯ ಅಂಗಳದಲ್ಲಿ, ಆಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ತರಗತಿಯಲ್ಲಿ. ಮಾತು ಸಲೀಸಾದ ಮೇಲೆ ಇನ್ನೊಬ್ಬರು ಒಳಗೆ ಬರಲಿ.

ಧಾರವಾಡದ ತಾಯಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಗಳಿಗೆ ಹದಿಮೂರು. ಅವಳಿಗೆ ಒಬ್ಬ ಪ್ರಾಣಸ್ನೇಹಿತೆ ಇದ್ದಾಳೆ. ಆದರೆ ಇಬ್ಬರೂ ಸೇರಿದರೆ ಬರೀ ಭಯದ್ದೇ ಮಾತು. ಯಾರು ಟೂ ಬಿಟ್ಟರು, ಯಾರು ತಮ್ಮನ್ನು ನೋಡಿ ನಕ್ಕರು, ನಾಳೆ ಏನಾಗಬಹುದು. ಅದನ್ನೇ ಮತ್ತೆ ಮತ್ತೆ. ಫೋನ್ ಇಟ್ಟ ಮೇಲೆ ಮಗಳ ಮುಖ ಇನ್ನಷ್ಟು ಬಾಡಿರುತ್ತದೆ. ಸ್ನೇಹವೇ ಮದ್ದು ಎಂದರೆ ಇದು ಯಾಕೆ ಹೀಗೆ?

ಆಪ್ತಸಮಾಲೋಚಕಿ, ಮೈಸೂರು:

ಅಮೆರಿಕದ ಅಮಾಂಡಾ ರೋಸ್ 2002ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ಇಬ್ಬರು ಸೇರಿ ಒಂದೇ ಕಷ್ಟವನ್ನು ಪದೇ ಪದೇ ಮೆಲುಕು ಹಾಕುವುದು ಹುಡುಗಿಯರಲ್ಲಿ ಹೆಚ್ಚು. ಅದರಿಂದ ಸ್ನೇಹ ಗಾಢವಾಗುತ್ತದೆ, ಆತಂಕ ಮತ್ತು ಖಿನ್ನತೆಯೂ ಅದರ ಜತೆಗೇ ಇರುತ್ತವೆ. ಹಾಗೆಂದು ಆ ಸ್ನೇಹವನ್ನು ಕಡಿಯಬೇಡಿ. 1999ರಲ್ಲಿ ಪ್ರಕಟವಾದ ಹಾಜಸ್, ಬುಕೋವ್ಸ್ಕಿ ಮೊದಲಾದವರ ಅಧ್ಯಯನದಂತೆ, ಒಬ್ಬ ಆಪ್ತ ಗೆಳತಿ ಇದ್ದರೆ ಇತರರ ಪೀಡನೆಗೆ ಸಿಕ್ಕಿ ನಲುಗುವ ಅಪಾಯ ಕಡಿಮೆ. ಇಬ್ಬರಿಗೂ ಕೈಗೆ ಕೆಲಸ ಕೊಡಿ. ಸೈಕಲ್ಲೋ, ರಂಗೋಲಿಯೋ, ಅಡುಗೆಯೋ, ಮಾತಿಗೆ ಬೇರೆ ವಸ್ತು ಸಿಗಲಿ.

ಹಾಸನದ ಅಮ್ಮ:

ಎಲ್ಲರಿಗೂ ಕೈಮುಗಿಯುತ್ತೇನೆ. ವೈದ್ಯರ ಬಳಿ ಹೋಗಲೇಬೇಕೇ? ಮಾತ್ರೆ ಕೊಟ್ಟುಬಿಡುತ್ತಾರೆ ಎಂದು ಮನೆಯಲ್ಲಿ ಹೆದರುತ್ತಿದ್ದಾರೆ.

ಆಪ್ತಸಮಾಲೋಚಕಿ, ಮೈಸೂರು:

ಹೋಗಿ ಅಕ್ಕಾ. ಕಿವಿ ಕೇಳುವಿಕೆ, ಭಾಷೆ ಎಲ್ಲವನ್ನೂ ಒಮ್ಮೆ ನೋಡಿಸಿದಂತಾಗುತ್ತದೆ. ಎಲ್ಲರಿಗೂ ಮಾತ್ರೆ ಕೊಡುವುದಿಲ್ಲ. ಮಕ್ಕಳ ಆತಂಕದ ಬಗ್ಗೆ 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 7ರಿಂದ 17 ವರ್ಷದ 488 ಮಕ್ಕಳಿದ್ದರು. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಮಾತಿನ ಚಿಕಿತ್ಸೆಯೊಂದರಿಂದಲೇ ನೂರಕ್ಕೆ ಸುಮಾರು 60 ಮಂದಿ ಚೇತರಿಸಿಕೊಂಡರು. ಮಾತ್ರೆಯೊಂದರಿಂದ 55, ಎರಡನ್ನೂ ಕೊಟ್ಟಾಗ 81, ಔಷಧವಿಲ್ಲದ ಸುಳ್ಳು ಮಾತ್ರೆಯಿಂದ 24. ಮಾತ್ರೆಗೂ ಅದರ ಜಾಗವಿದೆ, ಆ ನಿರ್ಧಾರ ವೈದ್ಯರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಹಾಸನದ ಅಮ್ಮ:

ಏಳು ವಾರಗಳಾದವು. ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಪುಟ್ಟಿ ಈಗ ಪ್ರತಿ ಶನಿವಾರ ನಮ್ಮ ಮನೆಗೆ ಬರುತ್ತಾಳೆ. ಮೊದಲ ಶನಿವಾರ ಇಬ್ಬರೂ ಮಂಚದ ಕೆಳಗೇ ಇದ್ದರು, ಪಿಸುಮಾತು ಮಾತ್ರ. ಮೂರನೆಯ ವಾರ ಜಗಳವಾಡಿದರು. ನನಗಂತೂ ಹಬ್ಬದ ಸಡಗರ! ಐದು ಎಣಿಸುವುದು ನನಗೆ ಬಹಳ ಕಷ್ಟವಾಯಿತು. ತರಕಾರಿ ಅಂಗಡಿಯವರ ಮುಂದೆ ಎರಡು ಸಲ ಸೋತೆ. ಬಾಯಿ ತಾನಾಗಿ ಉತ್ತರ ಕೊಟ್ಟುಬಿಡುತ್ತದೆ. ಮೈದುನ ಮೈದಾನದ ಕಥೆಯನ್ನು ಓದಿ ಸುಮ್ಮನಾದರು. ವಾರ್ಷಿಕೋತ್ಸವದ ಮಾತು ಮತ್ತೆ ಎತ್ತಿಲ್ಲ.

ಟೀಚರಿಗೆ ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಗಂಟೆ ಹೊಡೆಯುವುದಕ್ಕೆ ಅರ್ಧ ಗಂಟೆ ಮೊದಲು ತರಗತಿಯ ಬೀಗ ತೆಗೆಸಿಕೊಡುತ್ತಿದ್ದಾರೆ. ನಾವು ಮೂವರೇ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಹೂ ಕಟ್ಟುತ್ತೇನೆ. ನಿನ್ನೆ ಮಗಳು ಟೀಚರ್ ಮೇಜಿನ ಹಿಂದೆ ನಿಂತು ಹಾಜರಿ ಕರೆದಳು. ಗೊಂಬೆಗಳ ಹೆಸರುಗಳೇ. ಎಲ್ಲಕ್ಕೂ ಪುಟ್ಟಿಯೇ "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದಳು. ಉತ್ತರ ಕೊಡದ ಆ ಗೊಂಬೆಯ ಹೆಸರಿಗೂ ಹಾಗೆಯೇ ಕೂಗಿದಳು. ಮಗಳು ಒಂದು ಕ್ಷಣ ತಡೆದಳು, ಏನೂ ಹೇಳಲಿಲ್ಲ, ಹಾಜರಿ ಹಾಕಿಕೊಂಡಳು.

ಅಷ್ಟರಲ್ಲಿ ಟೀಚರ್ ಬಾಗಿಲಿಗೆ ಬಂದರು. ಮಗಳ ದನಿ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. ಟೀಚರ್ ಒಳಗೆ ಬರದೆ ಬೆನ್ನು ತಿರುಗಿಸಿ ಹೊರಗಿನ ಸೂಚನಾ ಫಲಕವನ್ನು ಓದುತ್ತಾ ನಿಂತರು. ಮೇಷ್ಟರೇ, ನಿಮ್ಮ ಬೋರ್ಡ್ ಒರೆಸುವ ವಿದ್ಯೆಯನ್ನು ನಾನೇ ಅವರಿಗೆ ಹೇಳಿದ್ದೆ. ಗಂಟೆ ಹೊಡೆದು ಮಕ್ಕಳೆಲ್ಲ ಬಂದ ಮೇಲೆ ಎಂದಿನಂತೆ ಮೌನ. ಕೈ ಮಾತ್ರ ಎತ್ತಿದಳಂತೆ.

ಮಂಗಳವಾರ ವೈದ್ಯರನ್ನು ಕಾಣುತ್ತಿದ್ದೇವೆ. ಅತ್ತೆಯವರೂ ಬರುತ್ತೇನೆ ಎಂದಿದ್ದಾರೆ. ಹೋಗಿ ಬಂದು ಬರೆಯುತ್ತೇನೆ.